ಮಾತಾಡಿದರೆ ತೆರಿಗೆ ವಿನಾಯಿತಿ ಹೋಗುತ್ತಾ? ಡೆಲ್ಟಾ, ಡಿಸ್ನಿ ಗಲಾಟೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಲಾಂಟಾದಲ್ಲಿ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರು, ಇಲ್ಲೇ ಕೆಲಸ ಮಾಡುವ ಗೆಳೆಯರು, ಊರಿಂದ ಪತ್ರ ಬರೆಯುವವರು ಹಲವು ವರ್ಷಗಳಿಂದ ನನ್ನನ್ನು ಇದೇ ವಿಷಯ ಕೇಳುತ್ತಾ ಬಂದಿದ್ದಾರೆ. ಅಮೆರಿಕದ ದೊಡ್ಡ ಕಂಪನಿಗಳು ರಾಜಕೀಯದ ಬಗ್ಗೆ ಬಾಯಿ ಬಿಟ್ಟರೆ ರಾಜ್ಯ ಸರ್ಕಾರ ಅವುಗಳ ತೆರಿಗೆ ಸವಲತ್ತಿಗೆ ಕೈ ಹಾಕುತ್ತಂತೆ, ಹೌದಾ ಅಂತ. ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ಬುಡದಿಂದ

ವಿಮಾನ ಕಂಪನಿಗೂ ಬಂದೂಕಿಗೂ ಎಲ್ಲಿಯ ಸಂಬಂಧ ಸ್ವಾಮಿ?

ಒಂದು ರಿಯಾಯಿತಿ ಟಿಕೆಟ್‌ನ ಸಂಬಂಧ, ಅಷ್ಟೇ. ಇಲ್ಲಿ ದೊಡ್ಡ ಸಂಘಗಳು ವಾರ್ಷಿಕ ಸಭೆ ಇಟ್ಟುಕೊಂಡಾಗ ಸದಸ್ಯರಿಗೆ ವಿಮಾನ ಕಂಪನಿಗಳು ಸ್ವಲ್ಪ ಕಡಿಮೆ ದರದಲ್ಲಿ ಟಿಕೆಟ್ ಕೊಡುತ್ತವೆ. ಬಂದೂಕಿನ ಹಕ್ಕಿನ ಪರ ಇರುವ ಭಾರೀ ಪ್ರಭಾವದ ಸಂಘ ನ್ಯಾಷನಲ್ ರೈಫಲ್ ಅಸೋಸಿಯೇಷನ್, ಅಂದರೆ ಎನ್‌ಆರ್‌ಎ. ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ನೆಲೆ ಇರುವ ವಿಮಾನ ಕಂಪನಿ ಡೆಲ್ಟಾ ಅದಕ್ಕೂ ಇಂಥ ದರ ಕೊಟ್ಟಿತ್ತು.

2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಹೈಸ್ಕೂಲಿನಲ್ಲಿ ಗುಂಡಿನ ದಾಳಿ ನಡೆದು 17 ಜನ ಸತ್ತರು. ಎನ್‌ಆರ್‌ಎ ಜೊತೆ ವ್ಯವಹಾರ ಇಟ್ಟುಕೊಂಡ ಕಂಪನಿಗಳ ಮೇಲೆ ಜನ ಮುಗಿಬಿದ್ದರು. ಫೆಬ್ರವರಿ 24ರಂದು ಡೆಲ್ಟಾ ಆ ರಿಯಾಯಿತಿ ನಿಲ್ಲಿಸಿತು. ತಾನು ಯಾರ ಪರವೂ ಅಲ್ಲ, ಈ ಜಗಳದಿಂದ ದೂರ ಇರಬೇಕು ಅನ್ನುವುದು ಅದರ ವಿವರಣೆ.

ದೂರ ಇರಲು ಬಿಟ್ಟರೆ ತಾನೇ? ಎರಡೇ ದಿನಕ್ಕೆ ಜಾರ್ಜಿಯಾದ ಲೆಫ್ಟಿನೆಂಟ್ ಗವರ್ನರ್ ಕೇಸಿ ಕೇಗಲ್ ಟ್ವೀಟ್ ಮಾಡಿದರು. ಎನ್‌ಆರ್‌ಎ ಜೊತೆಗಿನ ಸಂಬಂಧ ಮೊದಲಿನಂತೆ ಆಗದಿದ್ದರೆ ಡೆಲ್ಟಾಗೆ ಲಾಭ ಆಗುವ ಯಾವ ತೆರಿಗೆ ಮಸೂದೆಯನ್ನೂ ಪಾಸಾಗಲು ಬಿಡುವುದಿಲ್ಲ ಅಂತ ಬರೆದರು. ಮಾರ್ಚ್ 1ಕ್ಕೆ ಶಾಸನಸಭೆ ತೆರಿಗೆ ಮಸೂದೆ ಪಾಸು ಮಾಡಿತು. ಡೆಲ್ಟಾ ಕೇಳುತ್ತಿದ್ದ ವಿಮಾನ ಇಂಧನದ ತೆರಿಗೆ ವಿನಾಯಿತಿ ಅದರಲ್ಲಿ ಇರಲಿಲ್ಲ.

ವಿಮಾನದ ಎಣ್ಣೆಗೆ ತೆರಿಗೆ ಯಾಕೆ ಬಿಡಬೇಕು? ದುಡ್ಡಿರೋ ಕಂಪನಿ ಅಲ್ವಾ ಅದು?

ಒಳ್ಳೆಯ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ. ಜಾರ್ಜಿಯಾದಲ್ಲಿ ಆಗ ವಿಮಾನ ಇಂಧನದ ಮೇಲೆ ರಾಜ್ಯದ ಮಾರಾಟ ತೆರಿಗೆ ಶೇ. 4 ಇತ್ತು. ಅದನ್ನು ಬಿಟ್ಟರೆ ಡೆಲ್ಟಾಗೆ ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ಉಳಿಯುತ್ತದೆ ಅನ್ನುವುದು ಆಗಿನ ಲೆಕ್ಕ.

ಕಂಪನಿಗಳ ವಾದ ಹೀಗಿದೆ. ವಿಮಾನ ಒಂದೇ ಊರಲ್ಲಿ ಎಣ್ಣೆ ತುಂಬಿಸಿಕೊಳ್ಳಬೇಕು ಅಂತೇನಿಲ್ಲ. ತೆರಿಗೆ ಕಡಿಮೆ ಇರುವ ಊರಲ್ಲಿ ಜಾಸ್ತಿ ತುಂಬಿಸಿಕೊಂಡು ಬರಬಹುದು. ಬಾರ್ಡರ್ ದಾಟಿದರೆ ಡೀಸೆಲ್ ಅಗ್ಗ ಅಂತ ಲಾರಿಯವರು ಅಲ್ಲಿ ಟ್ಯಾಂಕ್ ತುಂಬಿಸುವುದಿಲ್ಲವೇ, ಹಾಗೆ. ಹೊಸ ವಿಮಾನ ಮಾರ್ಗ ಯಾವ ಊರಿಂದ ಶುರು ಮಾಡಬೇಕು ಅನ್ನುವಾಗಲೂ ಈ ಲೆಕ್ಕ ಬರುತ್ತದೆ. ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಪ್ರತಿಯೊಂದು ರಾಜ್ಯದಲ್ಲೂ ಪ್ರತಿಯೊಂದು ಉದ್ಯಮವೂ ಇದೇ ವಾದ ಹೂಡುತ್ತದೆ ಅನ್ನುವುದೂ ನಿಜ.

ಇದಕ್ಕೊಂದು ಹಳೇ ಕತೆ ಇದೆ. 2005ರಲ್ಲಿ ಡೆಲ್ಟಾ ದಿವಾಳಿ ಅಂಚಿನಲ್ಲಿದ್ದಾಗ ಕೈ ಹಿಡಿಯಲು ಕೊಟ್ಟ ಸಹಾಯ ಇದು. ಕಂಪನಿ ಚೇತರಿಸಿಕೊಂಡು ಲಾಭ ಮಾಡಿದ ಮೇಲೂ ಮುಂದುವರಿಯಿತು. 2015ರಲ್ಲಿ ಶಾಸಕರು ನಿಲ್ಲಿಸಿದರು. ಆಗಲೂ ರಾಜಕೀಯದ ವಾಸನೆ ಇತ್ತು. ರಸ್ತೆಗೆ ದುಡ್ಡು ಬೇಕು, ತೆರಿಗೆ ಏರಿಸಿ ಅಂತ ಆಗಿನ ಸಿಇಒ ರಿಚರ್ಡ್ ಆಂಡರ್ಸನ್ ಬಹಿರಂಗವಾಗಿ ಹೇಳಿದ್ದು ಕೆಲವು ಶಾಸಕರಿಗೆ ಹಿಡಿಸಿರಲಿಲ್ಲ. ನಮಗೆ ತೆರಿಗೆ ಹಾಕಿ ಅನ್ನುವವನು ಮೊದಲು ತನ್ನ ಪಾಲು ಕಟ್ಟಲಿ ಅನ್ನುವ ಧಾಟಿ. ಅಂದರೆ 2018ರಲ್ಲಿ ಡೆಲ್ಟಾ ಕೇಳುತ್ತಿದ್ದದ್ದು ಮೂರು ವರ್ಷದ ಹಿಂದೆ ಕಳೆದುಕೊಂಡಿದ್ದನ್ನೇ.

ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರಾನಾ?

ಹೆಸರು ಒಂದೇ, ಕೆಲಸ ಬೇರೆ. ಇಲ್ಲಿನ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ. ಜಾರ್ಜಿಯಾದಲ್ಲಿ ಲೆಫ್ಟಿನೆಂಟ್ ಗವರ್ನರ್ ರಾಜ್ಯದ ಸೆನೆಟ್‌ಗೆ ಅಧ್ಯಕ್ಷ. ಯಾವ ಮಸೂದೆ ಮುಂದೆ ಹೋಗಬೇಕು ಅನ್ನುವುದರಲ್ಲಿ ಅವರ ಮಾತು ನಡೆಯುತ್ತದೆ. ಕೇಗಲ್ ಆ ವರ್ಷ ಗವರ್ನರ್ ಹುದ್ದೆಗೆ ಸ್ಪರ್ಧಿಸುತ್ತಿದ್ದರು ಅನ್ನುವುದನ್ನು ಮರೆಯಬೇಡಿ.

ಹದಿಮೂರು ಟಿಕೆಟ್‌ಗೆ ನಾಲ್ಕು ಕೋಟಿ ಡಾಲರ್ ಕಳ್ಕೊಂಡ್ರಂತೆ, ತಮಾಷೆಗೆ ಹೇಳ್ತಾರಾ?

ತಮಾಷೆ ಅಲ್ಲ. ಆ ರಿಯಾಯಿತಿಯಲ್ಲಿ ಮಾರಾಟವಾಗಿದ್ದದ್ದು 13 ಟಿಕೆಟ್ ಮಾತ್ರ ಅಂತ ಡೆಲ್ಟಾ ಸಿಇಒ ಎಡ್ ಬಾಸ್ಟಿಯನ್ ನೌಕರರಿಗೆ ಬರೆದ ಪತ್ರದಲ್ಲೇ ಇತ್ತು. ನಮ್ಮ ಮೌಲ್ಯಗಳು ಮಾರಾಟಕ್ಕಿಲ್ಲ ಅಂತಲೂ ಬರೆದರು.

ಒಂದು ತಿದ್ದುಪಡಿ ಮಾತ್ರ ಬೇಕು. ಕೈಯಲ್ಲಿದ್ದ ದುಡ್ಡು ಹೋಗಲಿಲ್ಲ, ಬರಬೇಕಿದ್ದ ದುಡ್ಡು ಬರಲಿಲ್ಲ. ಶಾಸಕರಿಗೂ ಇದರಿಂದ ಅನುಕೂಲ ಆಯಿತು. ಇರುವುದನ್ನು ಕಿತ್ತುಕೊಳ್ಳಬೇಕಾದರೆ ಹೊಸ ಕಾನೂನು ಮಾಡಬೇಕು, ಎಲ್ಲರ ಕಣ್ಣಿಗೆ ಬೀಳುತ್ತದೆ. ಕೊಡಬೇಕಿದ್ದದ್ದನ್ನು ಕೊಡದೆ ಇರಲು ಒಂದು ಸಾಲು ಅಳಿಸಿದರೆ ಸಾಕು.

ಡೆಲ್ಟಾ ಸಿಟ್ಟು ಮಾಡ್ಕೊಂಡು ಬೇರೆ ರಾಜ್ಯಕ್ಕೆ ಹೋಗಬಹುದಿತ್ತಲ್ಲ?

ನ್ಯೂಯಾರ್ಕ್, ವರ್ಜೀನಿಯಾ ಗವರ್ನರ್‌ಗಳು ನಮ್ಮಲ್ಲಿಗೆ ಬನ್ನಿ ಅಂತ ಕರೆದರು. ಸುಮ್ನೆ ಕರೆದರು, ಅಷ್ಟೇ. ಡೆಲ್ಟಾ 1941ರಲ್ಲೇ ಲೂಯಿಸಿಯಾನಾ ಬಿಟ್ಟು ಅಟ್ಲಾಂಟಾಗೆ ಬಂದ ಕಂಪನಿ. ಪ್ರಯಾಣಿಕರ ಲೆಕ್ಕದಲ್ಲಿ ಜಗತ್ತಿನಲ್ಲೇ ಮುಂಚೂಣಿಯ ವಿಮಾನ ನಿಲ್ದಾಣ, ಅಲ್ಲಿ ಇವರದೇ ಸಿಂಹಪಾಲು. ಆಗ ಜಾರ್ಜಿಯಾದಲ್ಲಿ ಸುಮಾರು 33,000 ನೌಕರರಿದ್ದರು. ಇಂಥ ಕಂಪನಿ ಆಲದ ಮರ ಇದ್ದ ಹಾಗೆ, ಕಿತ್ತು ಬೇರೆ ಕಡೆ ನೆಡಲು ಆಗುವುದಿಲ್ಲ. ಇದು ಶಾಸಕರಿಗೂ ಗೊತ್ತಿತ್ತು.

ಕೊನೆಗೆ ಗೆದ್ದಿದ್ದು ಯಾರು?

ಜುಲೈ 24ರಂದು ಕೇಗಲ್ ತಮ್ಮದೇ ರಿಪಬ್ಲಿಕನ್ ಪಕ್ಷದ ಒಳಚುನಾವಣೆಯಲ್ಲಿ ಬ್ರಯಾನ್ ಕೆಂಪ್ ಎದುರು ಸೋತರು. ಒಂದು ವಾರವೂ ಆಗಿರಲಿಲ್ಲ. ಜುಲೈ 30ರಂದು ಗವರ್ನರ್ ನೇಥನ್ ಡೀಲ್ ಆಗಸ್ಟ್‌ನಿಂದ ವಿಮಾನ ಇಂಧನದ ತೆರಿಗೆ ವಸೂಲಿ ನಿಲ್ಲಿಸಿ ಎಂದು ಆದೇಶ ಹೊರಡಿಸಿದರು. ಡೀಲ್ ಮತ್ತೆ ಚುನಾವಣೆಗೆ ನಿಲ್ಲುವ ಹಾಗಿರಲಿಲ್ಲ, ಹಾಗಾಗಿ ಯಾರ ಹಂಗೂ ಇರಲಿಲ್ಲ. ನವೆಂಬರ್‌ನಲ್ಲಿ ಚಂಡಮಾರುತದ ಪರಿಹಾರಕ್ಕೆ ಕರೆದಿದ್ದ ವಿಶೇಷ ಅಧಿವೇಶನದಲ್ಲಿ ಶಾಸಕರು ಈ ಆದೇಶಕ್ಕೂ ಒಪ್ಪಿಗೆ ಕೊಟ್ಟರು.

ಡೆಲ್ಟಾ ಗೆದ್ದಿತು ಅಂತ ಇಲ್ಲಿ ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ವಿನಾಯಿತಿ ಬಂತು, ಆದರೆ ಅದರ ದಾರ ಯಾರ ಕೈಯಲ್ಲಿದೆ ಅನ್ನುವುದು ಇಡೀ ರಾಜ್ಯಕ್ಕೆ ಗೊತ್ತಾಯಿತು. ಇಂಥ ಸವಲತ್ತನ್ನು ಆಗಾಗ ನವೀಕರಿಸಬೇಕು. ನವೀಕರಿಸುವ ಪ್ರತಿ ಸಲವೂ ಕಂಪನಿ ಕೈಕಟ್ಟಿ ನಿಲ್ಲಬೇಕು. ದುಡ್ಡಿನ ಮೊತ್ತಕ್ಕಿಂತ ಇದೇ ದೊಡ್ಡ ವಿಷಯ ಅಂತ ನನ್ನ ಲೆಕ್ಕ.

## ಎರಡನೇ ಸುತ್ತು

2021ರಲ್ಲಿ ಮತ್ತೆ ಅದೇ ರಾಮಾಯಣ ಆಯ್ತಲ್ಲ, ಅದೇನು?

2021ರ ಮಾರ್ಚ್ 25ರಂದು, ಈಗ ಗವರ್ನರ್ ಆಗಿದ್ದ ಕೆಂಪ್ ಹೊಸ ಮತದಾನ ಕಾನೂನಿಗೆ ಸಹಿ ಹಾಕಿದರು. ಅಂಚೆ ಮತಕ್ಕೆ ಗುರುತಿನ ಸಂಖ್ಯೆ, ಮತ ಹಾಕುವ ಡಬ್ಬಿಗಳಿಗೆ ಮಿತಿ, ಮತಗಟ್ಟೆ ಹತ್ತಿರ ಸಾಲಿನಲ್ಲಿ ನಿಂತವರಿಗೆ ನೀರು, ತಿಂಡಿ ಹಂಚಬಾರದು, ಇಂಥವು ಅದರಲ್ಲಿದ್ದವು. ಕಪ್ಪು ಜನರಿಗೆ ಮತ ಹಾಕುವುದು ಕಷ್ಟವಾಗುತ್ತದೆ ಅಂತ ವಿರೋಧ ಎದ್ದಿತು. ಡೆಲ್ಟಾ ಮೊದಲು ಮೆತ್ತಗೆ ಮಾತಾಡಿತು. ಒತ್ತಡ ಜಾಸ್ತಿಯಾದ ಮೇಲೆ ಮಾರ್ಚ್ 31ರಂದು ಬಾಸ್ಟಿಯನ್ ಈ ಕಾನೂನು ಒಪ್ಪುವಂಥದ್ದಲ್ಲ ಎಂದರು. ಕೋಕ ಕೋಲಾ ಸಿಇಒ ಕೂಡ ದನಿಗೂಡಿಸಿದರು.

ಅದೇ ದಿನ ಅಧಿವೇಶನದ ಕೊನೆಯ ದಿನ. ರಾತ್ರಿ ಕೆಳಮನೆ 97-73 ಮತಗಳಿಂದ ವಿಮಾನ ಇಂಧನದ ವಿನಾಯಿತಿ ತೆಗೆಯಲು ಒಪ್ಪಿತು. ಕೈ ಕಚ್ಚುವ ನಾಯಿಗೆ ಯಾರೂ ಊಟ ಹಾಕುವುದಿಲ್ಲ ಅನ್ನುವ ಅರ್ಥದಲ್ಲಿ ಸ್ಪೀಕರ್ ಡೇವಿಡ್ ರಾಲ್ಸ್ಟನ್ ಮಾತಾಡಿದರು. ನಮ್ಮಲ್ಲಾದರೆ ಉಂಡ ಮನೆಗೆ ಎರಡು ಬಗೆದರು ಅನ್ನುತ್ತಿದ್ದರೇನೋ. ಸೆನೆಟ್ ಅದನ್ನು ಕೈಗೆತ್ತಿಕೊಳ್ಳದೆ ಎದ್ದು ಹೋಯಿತು. ವಿನಾಯಿತಿ ಉಳಿಯಿತು.

ಎರಡು ದಿನದ ಮೇಲೆ ಈ ಮತದಾನ ಕಾನೂನನ್ನು ವಿರೋಧಿಸಿ ಬೇಸ್‌ಬಾಲ್ ಸಂಸ್ಥೆಯವರು ಅಟ್ಲಾಂಟಾದ ಆಲ್ ಸ್ಟಾರ್ ಪಂದ್ಯವನ್ನು ಬೇರೆ ಕಡೆಗೆ ಎತ್ತಿಕೊಂಡು ಹೋದರು. ಅದು ಡೆನ್ವರ್ ಪಾಲಾಯಿತು. ಕಾನೂನು ಹಾಗೇ ಇತ್ತು, 2025ರಲ್ಲಿ ಅದೇ ಪಂದ್ಯ ಅಟ್ಲಾಂಟಾಗೆ ವಾಪಸ್ ಬಂತು.

ಡಿಸ್ನಿಯವರ ತೆರಿಗೆ ವಿನಾಯಿತಿ ಕಿತ್ಕೊಂಡ್ರು ಅಂತಾರೆ. ಹೌದಾ?

ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಡಿಸ್ನಿಗೆ ಇದ್ದದ್ದು ತೆರಿಗೆ ವಿನಾಯಿತಿಗಿಂತ ದೊಡ್ಡ ಸವಲತ್ತು: ತನ್ನದೇ ಸರ್ಕಾರ.

1967ರಲ್ಲಿ ಫ್ಲಾರಿಡಾ ಶಾಸನಸಭೆ ಡಿಸ್ನಿ ಥೀಮ್ ಪಾರ್ಕ್ ಕಟ್ಟಲಿದ್ದ ಜಾಗಕ್ಕೆ ರೀಡಿ ಕ್ರೀಕ್ ಅನ್ನುವ ವಿಶೇಷ ಜಿಲ್ಲೆ ಮಾಡಿಕೊಟ್ಟಿತು. ಸುಮಾರು 25,000 ಎಕರೆ. ರಸ್ತೆ, ಒಳಚರಂಡಿ, ಬೆಂಕಿ ಆರಿಸುವ ದಳ, ಕಟ್ಟಡಕ್ಕೆ ಅನುಮತಿ ಎಲ್ಲ ಆ ಜಿಲ್ಲೆಯದೇ. ವಿಮಾನ ನಿಲ್ದಾಣ, ಅಣು ವಿದ್ಯುತ್ ಸ್ಥಾವರ ಕಟ್ಟುವ ಅಧಿಕಾರವೂ ಕಾಗದದ ಮೇಲಿತ್ತು. ಜಿಲ್ಲೆಯ ಮಂಡಳಿಯನ್ನು ಆರಿಸುವವರು ಅಲ್ಲಿನ ಭೂಮಾಲೀಕರು. ಬಹುಪಾಲು ಭೂಮಿ ಡಿಸ್ನಿಯದು, ಇನ್ನು ಮಂಡಳಿ ಯಾರದು ಅಂತ ಹೇಳಬೇಕಾ? ಆದರೆ ಇದಕ್ಕೆ ಡಿಸ್ನಿ ಈ ವಿಶೇಷ ಜಿಲ್ಲೆಗೂ ತೆರಿಗೆ ಕಟ್ಟುತ್ತಿತ್ತು, ಅಲ್ಲಿನ ಸ್ಥಳೀಯ ಆಡಳಿತವಾದ ಕೌಂಟಿಗೂ ಕಟ್ಟುತ್ತಿತ್ತು.

2022ರ ಮಾರ್ಚ್ 28ರಂದು ಗವರ್ನರ್ ರಾನ್ ಡಿಸ್ಯಾಂಟಿಸ್ ಒಂದು ಶಿಕ್ಷಣ ಕಾನೂನಿಗೆ ಸಹಿ ಹಾಕಿದರು. ಚಿಕ್ಕ ತರಗತಿಗಳಲ್ಲಿ ಲೈಂಗಿಕ ಒಲವು, ಲಿಂಗ ಗುರುತಿನ ಬಗ್ಗೆ ಪಾಠ ಮಾಡುವುದನ್ನು ತಡೆಯುವ ಕಾನೂನು ಅದು. ಇದು ರದ್ದಾಗಬೇಕು ಅಂತ ಡಿಸ್ನಿ ಹೇಳಿತು. ಏಪ್ರಿಲ್ 22ಕ್ಕೆ ರೀಡಿ ಕ್ರೀಕ್ ಅನ್ನೇ ವಿಸರ್ಜಿಸುವ ಕಾನೂನಿಗೆ ಸಹಿ ಬಿತ್ತು. ಒಂದು ತಿಂಗಳೂ ಹಿಡಿಯಲಿಲ್ಲ.

ಅದೇ ಅಧಿವೇಶನದಲ್ಲಿ ಆದ ಇನ್ನೊಂದು ಸಣ್ಣ ಬದಲಾವಣೆ ನನಗೆ ತುಂಬ ಇಷ್ಟ. ಹಿಂದಿನ ವರ್ಷ ಫ್ಲಾರಿಡಾ ಸಾಮಾಜಿಕ ಜಾಲತಾಣಗಳನ್ನು ಕಟ್ಟಿಹಾಕುವ ಕಾನೂನು ಮಾಡಿತ್ತು. ರಾಜ್ಯದಲ್ಲಿ 25 ಎಕರೆಗಿಂತ ದೊಡ್ಡ ಥೀಮ್ ಪಾರ್ಕ್ ಇರುವ ಕಂಪನಿಗೆ ಇದು ಅನ್ವಯಿಸುವುದಿಲ್ಲ ಅಂತ ಅದರಲ್ಲೊಂದು ಸಾಲಿತ್ತು! ಆ ಸಾಲನ್ನೂ ಕಿತ್ತು ಹಾಕಿದರು. ಸ್ನೇಹ ಇದ್ದಾಗ ಏನೇನು ಸಿಗುತ್ತಿತ್ತು ಅನ್ನುವುದು ಜಗಳ ಆದಾಗಲೇ ಹೊರಬೀಳುವುದು.

ಜಿಲ್ಲೆ ಮುಚ್ಚಿದ್ರೆ ಅದರ ಸಾಲ ಯಾರ ತಲೆ ಮೇಲೆ?

ರೀಡಿ ಕ್ರೀಕ್ ಹೆಸರಲ್ಲಿ ಸುಮಾರು 100 ಕೋಟಿ ಡಾಲರ್ ಬಾಂಡ್ ಸಾಲ ಇತ್ತು. ಜಿಲ್ಲೆ ಇಲ್ಲವಾದರೆ ಆ ಸಾಲ ಆರೆಂಜ್, ಓಸಿಯೋಲಾ ಕೌಂಟಿಗಳ ಸಾಮಾನ್ಯ ಜನರ ಮೇಲೆ ಬೀಳುತ್ತಿತ್ತು. ಆರೆಂಜ್ ಕೌಂಟಿಯಲ್ಲಿ ಮನೆ ತೆರಿಗೆ ಶೇ. 20ರಿಂದ 25 ಏರಿಸಬೇಕಾದೀತು ಅಂತ ಅಲ್ಲಿನ ತೆರಿಗೆ ಅಧಿಕಾರಿ ಎಚ್ಚರಿಸಿದರು. ಅದಲ್ಲದೆ, ಸಾಲ ತೀರುವ ತನಕ ಜಿಲ್ಲೆಯ ಅಧಿಕಾರ ಮುಟ್ಟುವುದಿಲ್ಲ ಅಂತ ರಾಜ್ಯವೇ 1967ರಲ್ಲಿ ಬಾಂಡ್ ಕೊಂಡವರಿಗೆ ಮಾತು ಕೊಟ್ಟಿತ್ತು.

ಅದಕ್ಕೇ 2023ರ ಫೆಬ್ರವರಿಯಲ್ಲಿ ದಾರಿ ಬದಲಿಸಿದರು. ಜಿಲ್ಲೆ ಇಟ್ಟುಕೊಂಡರು, ಹೆಸರು ಬದಲಿಸಿದರು, ಮಂಡಳಿಯ ಐದೂ ಜನರನ್ನು ಗವರ್ನರ್ ನೇಮಿಸುವ ಹಾಗೆ ಮಾಡಿದರು. ಮನೆ ಅದೇ, ಬೀಗದ ಕೈ ಮಾತ್ರ ಬೇರೆಯವರ ಜೇಬಿಗೆ.

ಇದರಲ್ಲಿ ಇಂಗ್ಲೆಂಡ್ ರಾಜನ ಹೆಸರು ಯಾಕೆ ಬಂತು?

ಹಳೇ ಮಂಡಳಿ ಹೋಗುವ ಮೊದಲು, 2023ರ ಫೆಬ್ರವರಿ 8ರಂದು, ಡಿಸ್ನಿ ಜೊತೆ ಒಪ್ಪಂದ ಮಾಡಿಕೊಂಡು ಅಧಿಕಾರ ಬಹಳಷ್ಟನ್ನು ಕಂಪನಿಗೇ ಬರೆದುಕೊಟ್ಟಿತು. ಕದ್ದುಮುಚ್ಚಿ ಅಲ್ಲ, ಸಾರ್ವಜನಿಕ ಸಭೆಯಲ್ಲೇ. ಯಾರೂ ಗಮನಿಸಲಿಲ್ಲ, ಅಷ್ಟೇ. ಅದರಲ್ಲೊಂದು ಕರಾರಿನ ಅವಧಿ: ಇಂಗ್ಲೆಂಡಿನ ಮೂರನೇ ಚಾರ್ಲ್ಸ್ ರಾಜನ ವಂಶದಲ್ಲಿ ಈಗ ಬದುಕಿರುವವರ ಪೈಕಿ ಕೊನೆಯವರು ಸತ್ತು 21 ವರ್ಷ ಆಗುವ ತನಕ. ಇಂಗ್ಲಿಷ್ ಆಸ್ತಿ ಕಾನೂನಿನಲ್ಲಿ ಕರಾರನ್ನು ಆದಷ್ಟೂ ಉದ್ದ ಎಳೆಯಲು ಬಳಸುವ ಹಳೇ ಉಪಾಯ ಇದು. ಆಚಂದ್ರಾರ್ಕ ಅಂತ ನಮ್ಮ ಶಾಸನಗಳಲ್ಲಿ ಬರೆಸುತ್ತಿದ್ದರಲ್ಲ, ಅದರ ಇಂಗ್ಲಿಷ್ ತಮ್ಮ ಅಂದುಕೊಳ್ಳಿ. ಹೊಸ ಮಂಡಳಿಗೆ ಮಾರ್ಚ್ ಕೊನೆಯಲ್ಲಿ ಇದು ಗೊತ್ತಾಗಿ ಕೋರ್ಟು ಕಚೇರಿ ಶುರುವಾಯಿತು.

## ಇನ್ನೂ ಸ್ವಲ್ಪ ಆಳಕ್ಕೆ

ಮಾತಾಡಿದ್ದಕ್ಕೆ ಶಿಕ್ಷೆ ಕೊಡೋದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ ಅಲ್ವಾ?

ಪುಸ್ತಕದಲ್ಲಿ ಹೌದು. 1934ರಲ್ಲಿ ಲೂಯಿಸಿಯಾನಾದಲ್ಲಿ ಆ ರಾಜ್ಯದ ಪ್ರಬಲ ರಾಜಕಾರಣಿ ಹ್ಯೂಯಿ ಲಾಂಗ್ ಬಣದವರು ವಾರಕ್ಕೆ 20,000ಕ್ಕಿಂತ ಹೆಚ್ಚು ಪ್ರಸಾರ ಇರುವ ಪತ್ರಿಕೆಗಳ ಜಾಹೀರಾತಿನ ಮೇಲೆ ಶೇ. 2 ತೆರಿಗೆ ಹಾಕಿದರು. ಆ ಪತ್ರಿಕೆಗಳು ಬಹುಪಾಲು ಲಾಂಗ್ ವಿರೋಧಿಗಳು. 1936ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. 1958ರಲ್ಲಿ ಇನ್ನೊಂದು ತೀರ್ಪು. ಕ್ಯಾಲಿಫೋರ್ನಿಯಾದಲ್ಲಿ ಮಾಜಿ ಸೈನಿಕರಿಗೆ ಆಸ್ತಿ ತೆರಿಗೆ ವಿನಾಯಿತಿ ಬೇಕಾದರೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಮಾತಿಗೆ ದಂಡ ಹಾಕುವುದಕ್ಕೂ ಮಾತಿನ ಕಾರಣಕ್ಕೆ ವಿನಾಯಿತಿ ತಪ್ಪಿಸುವುದಕ್ಕೂ ಫರಕಿಲ್ಲ ಅನ್ನುವುದು ಆ ತೀರ್ಪಿನ ಸಾರ. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ತೀರ್ಪು ಬೇಕಾ?

ಆದರೂ ಡಿಸ್ನಿ ಸೋತಿತು. 2024ರ ಜನವರಿ 31ರಂದು ಮಾತಾಡಿದ್ದಕ್ಕೆ ಸೇಡು ತೀರಿಸಿಕೊಂಡರು ಅಂತ ಡಿಸ್ನಿ ಹಾಕಿದ್ದ ಅರ್ಜಿಯನ್ನು ಫೆಡರಲ್ ನ್ಯಾಯಾಧೀಶ ಆಲನ್ ವಿನ್ಸರ್ ವಜಾ ಮಾಡಿದರು. ಕಾನೂನು ಬರಹದಲ್ಲಿ ಸರಿಯಾಗಿದ್ದರೆ, ಶಾಸಕರ ಮನಸ್ಸಲ್ಲಿ ಸೇಡು ಇತ್ತು ಅಂತ ಹೇಳಿ ಅದನ್ನು ಬೀಳಿಸಲು ಆಗುವುದಿಲ್ಲ ಅಂದರು. ಸೇಡು ಅಂತ ಎಲ್ಲರಿಗೂ ಗೊತ್ತು, ಕಾನೂನಿನ ಪುಟದಲ್ಲಿ ಮಾತ್ರ ಅದು ಇರುವುದಿಲ್ಲ. ನನ್ನನ್ನು ಕೇಳಿದರೆ, ಇದು ಜಾಣರಿಗೆ ಬಾಗಿಲು ತೆರೆದಿಟ್ಟ ತೀರ್ಪು.

ಅಧಿಕಾರಿಗಳ ಮಾತು ಬೇರೆ. ಪಾರ್ಕ್‌ಲ್ಯಾಂಡ್ ಘಟನೆಯ ನಂತರ ಡೆಮಾಕ್ರಟರ ಕೈಯಲ್ಲಿದ್ದ ನ್ಯೂಯಾರ್ಕ್‌ನ ಹಣಕಾಸು ನಿಯಂತ್ರಕಿ ಮರಿಯಾ ವಲ್ಲೊ ಎನ್‌ಆರ್‌ಎ ಸಹವಾಸ ಬಿಡಿ ಅಂತ ವಿಮಾ ಕಂಪನಿಗಳ ಮೇಲೆ ಒತ್ತಡ ಹಾಕಿದರು ಅನ್ನುವುದು ಎನ್‌ಆರ್‌ಎ ದೂರು. ದೂರಿನಲ್ಲಿ ಇರುವುದು ನಿಜವಾದರೆ ಅದು ಸಂವಿಧಾನಕ್ಕೆ ವಿರುದ್ಧ ಅಂತ 2024ರ ಮೇ 30ರಂದು ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಹೇಳಿದರು. ಒಂದೇ ದುರಂತ, ಒಂದೇ ಸಂಘ. ಜಾರ್ಜಿಯಾದಲ್ಲಿ ಸಂಬಂಧ ಬಿಟ್ಟಿದ್ದಕ್ಕೆ ಬೆದರಿಕೆ, ನ್ಯೂಯಾರ್ಕ್‌ನಲ್ಲಿ ಸಂಬಂಧ ಇಟ್ಟುಕೊಂಡಿದ್ದಕ್ಕೆ. ಒಂದೇ ಪಕ್ಷದವರ ಚಾಳಿ ಇದು ಅನ್ನುವವರಿಗೆ ನಾನು ಈ ಜೋಡಿ ತೋರಿಸುತ್ತೇನೆ.

ಹಾಗಿದ್ರೆ ಬಾಯಿ ಮುಚ್ಕೊಂಡಿರೋದೇ ವಾಸಿ ಅಲ್ವಾ?

ಡಿಸ್ನಿ ಆಗಿನ ಸಿಇಒ ಬಾಬ್ ಚಾಪೆಕ್ ಮೊದಲು ಮಾಡಿದ್ದು ಅದನ್ನೇ. ನೌಕರರೇ ಸಿಡಿದೆದ್ದರು, ಕೆಲಸ ಬಿಟ್ಟು ಹೊರನಡೆದರು. ತಡವಾಗಿ ಬಾಯಿ ಬಿಟ್ಟಿದ್ದಕ್ಕೆ ನೌಕರರಿಗೂ ಸಮಾಧಾನ ಆಗಲಿಲ್ಲ, ಸರ್ಕಾರಕ್ಕೂ ಸಿಟ್ಟು ಬಂತು. 2021ರಲ್ಲಿ ಡೆಲ್ಟಾಗೂ ಹೀಗೇ ಆಯಿತು. ಮೊದಲು ಒಂದು ಮಾತು, ಆಮೇಲೆ ಇನ್ನೊಂದು ಮಾತು ಅನ್ನುವುದೇ ಅತಿ ದುಬಾರಿ ದಾರಿ ಅಂತ ಈ ಎರಡೂ ನೋಡಿದರೆ ಅನ್ನಿಸುತ್ತದೆ.

ಕಂಪನಿಗಳೂ ಸರ್ಕಾರಗಳನ್ನ ಹೀಗೇ ಹೆದರಿಸ್ತವಲ್ಲ, ಅದನ್ನೂ ಹೇಳಿ.

ಹೇಳಲೇಬೇಕು. 2016ರಲ್ಲಿ ಜಾರ್ಜಿಯಾ ಶಾಸಕರು ಧಾರ್ಮಿಕ ಸ್ವಾತಂತ್ರ್ಯದ ಹೆಸರಲ್ಲಿ ಒಂದು ಮಸೂದೆ ಪಾಸು ಮಾಡಿದ್ದರು. ಸಲಿಂಗಿಗಳಿಗೆ ಇದರಿಂದ ತಾರತಮ್ಯ ಆಗುತ್ತದೆ ಅಂತ ವಿರೋಧ ಇತ್ತು. ಕಾನೂನಾದರೆ ಇಲ್ಲಿ ಸಿನಿಮಾ ತೆಗೆಯುವುದಿಲ್ಲ ಅಂತ ಡಿಸ್ನಿ, ಮಾರ್ವೆಲ್ ಹೇಳಿದವು. ಜಾರ್ಜಿಯಾ ಸಿನಿಮಾದವರಿಗೆ ಖರ್ಚಿನ ಶೇ. 30ರ ತನಕ ತೆರಿಗೆ ರಿಯಾಯಿತಿ ಕೊಡುವ ರಾಜ್ಯ, ಚಿತ್ರೀಕರಣ ಅಲ್ಲಿ ದೊಡ್ಡ ಉದ್ಯಮ. ಗವರ್ನರ್ ಡೀಲ್ ಮಸೂದೆಯನ್ನು ತಿರಸ್ಕರಿಸಿದರು. ಅದೇ ವರ್ಷ ನಾರ್ತ್ ಕ್ಯಾರೊಲಿನಾದಲ್ಲಿ, ಜನನ ಪತ್ರದಲ್ಲಿರುವ ಲಿಂಗಕ್ಕೆ ತಕ್ಕ ಶೌಚಾಲಯವನ್ನೇ ಬಳಸಬೇಕು ಅನ್ನುವ ಕಾನೂನಿನ ವಿರುದ್ಧ, ಆನ್‌ಲೈನ್ ಹಣ ಪಾವತಿ ಕಂಪನಿ ಪೇಪಾಲ್ ಶಾರ್ಲಟ್ ನಗರದಲ್ಲಿ 400 ಕೆಲಸಗಳ ಯೋಜನೆ ಕೈಬಿಟ್ಟಿತು.

ಗಮನಿಸಿ, ಪೇಪಾಲ್ ಇನ್ನೂ ಕಟ್ಟಡ ಕಟ್ಟಿರಲಿಲ್ಲ. ಸಿನಿಮಾ ತಂಡ ವ್ಯಾನ್ ಹತ್ತಿದರೆ ಆಯಿತು. ಹೆದರಿಸುವ ಶಕ್ತಿ ಇರುವುದು ಬೇರು ಬಿಡದವರಿಗೆ. ಡೆಲ್ಟಾ ಮಾತಿಗೆ ಜಾರ್ಜಿಯಾ ಯಾಕೆ ಬಗ್ಗಲಿಲ್ಲ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ನಮ್ಮ ಕರ್ನಾಟಕದಲ್ಲಿ ಹೀಗೆ ಆಗುತ್ತಾ?

ಹತ್ತಿರದ ಘಟನೆ 2024ರ ಜುಲೈನದು. ಖಾಸಗಿ ಕಂಪನಿಗಳ ಮ್ಯಾನೇಜರ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಅನ್ನುವ ಮಸೂದೆಗೆ ಸಂಪುಟ ಒಪ್ಪಿತು. ಐಟಿ ಕಂಪನಿಗಳ ಸಂಘ ನಾಸ್ಕಾಂ ವಿರೋಧಿಸಿತು. ಆಂಧ್ರದ ಸಚಿವ ನಾರಾ ಲೋಕೇಶ್ ನಮ್ಮಲ್ಲಿಗೆ ಬನ್ನಿ ಅಂದರು. ಎರಡೇ ದಿನದಲ್ಲಿ ಸರ್ಕಾರ ಮಸೂದೆ ತಡೆಹಿಡಿಯಿತು. ಟೀಕಿಸಿದ್ದ ಫೋನ್‌ಪೇ ಸಿಇಒ ಸಮೀರ್ ನಿಗಮ್ ಕ್ಷಮೆ ಕೇಳಬೇಕಾಯಿತು. ಅದು ಸರ್ಕಾರಕ್ಕೆ ಹೆದರಿ ಅಲ್ಲ, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡುತ್ತೇವೆ ಅಂದ ಕನ್ನಡಿಗರ ಸಿಟ್ಟಿಗೆ.

ನಮ್ಮಲ್ಲೂ ಸ್ಟ್ಯಾಂಪ್ ಶುಲ್ಕ, ವಿದ್ಯುತ್ ಸುಂಕ, ಜಮೀನು ಅಂತ ಸವಲತ್ತುಗಳಿವೆ. ವಿಮಾನ ಇಂಧನ ಜಿಎಸ್‌ಟಿ ಹೊರಗಿದೆ, ಅದರ ಮೇಲೆ ರಾಜ್ಯ ವ್ಯಾಟ್ ಹಾಕುತ್ತದೆ. ಅಂದರೆ ಹಿಡಿದೆಳೆಯುವ ದಾರ ಇಲ್ಲೂ ಇದೆ. ಆದರೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ತಾವೇ ಮಾತಾಡುವುದಿಲ್ಲ, ಸಂಘದ ಬಾಯಲ್ಲಿ ಮಾತಾಡಿಸುತ್ತವೆ. ಟ್ವೀಟ್ ಮಾಡುವ ಮೊದಲು ವಿಧಾನಸೌಧದಲ್ಲಿ ಕಾಫಿ ಕುಡಿದು ಬರುತ್ತವೆ.

ನಾನು ಇಂಥ ಕಂಪನಿಯಲ್ಲಿ ಕೆಲಸ ಮಾಡ್ತೀನಿ, ಷೇರೂ ಇದೆ. ಏನು ನೋಡ್ಕೋಬೇಕು?

ಸಿಇಒ ಏನು ಹೇಳಿದರು ಅನ್ನುವುದಕ್ಕಿಂತ ಸವಲತ್ತು ಯಾವ ರೂಪದಲ್ಲಿದೆ ನೋಡಿ. ಇಡೀ ಉದ್ಯಮಕ್ಕೆ ಕೊಟ್ಟದ್ದಾದರೆ ಕೀಳುವುದು ಕಷ್ಟ. ಒಬ್ಬರಿಗೇ ಹೊಲಿಸಿದ ಅಂಗಿಯಾದರೆ ಸುಲಭ. ಡೆಲ್ಟಾದ ವಿನಾಯಿತಿ ಹೆಸರಿಗೆ ಎಲ್ಲ ವಿಮಾನ ಕಂಪನಿಗಳಿಗೂ ಇತ್ತು, ಅನುಭವಿಸುತ್ತಿದ್ದದ್ದು ಬಹುಪಾಲು ಡೆಲ್ಟಾ. ಹಾಗಾಗಿ ಎರಡರ ನಡುವೆ ಬರುತ್ತದೆ.

ಆಮೇಲೆ ಗಡುವು ಯಾವಾಗ ಮುಗಿಯುತ್ತದೆ, ನವೀಕರಿಸುವವರು ಯಾರು ನೋಡಿ. ಕಾನೂನಿನಲ್ಲಿ ಬರೆದದ್ದನ್ನು ಮುಂದಿನ ಅಧಿವೇಶನ ಅಳಿಸಬಹುದು. ಸಹಿ ಹಾಕಿದ ಒಪ್ಪಂದ ಸ್ವಲ್ಪ ಗಟ್ಟಿ. ಡಿಸ್ನಿ ಕೊನೆಗೆ ಹಿಡಿದದ್ದು ಅದೇ ದಾರಿ. 2023ರ ಮೇನಲ್ಲಿ ಸುಮಾರು 100 ಕೋಟಿ ಡಾಲರ್‌ನ ಲೇಕ್ ನೋನಾ ಕಚೇರಿ ಯೋಜನೆ ಕೈಬಿಟ್ಟ ಕಂಪನಿಯೇ 2024ರ ಜೂನ್‌ನಲ್ಲಿ ಗವರ್ನರ್ ನೇಮಿಸಿದ ಮಂಡಳಿ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡಿತು, 1,700 ಕೋಟಿ ಡಾಲರ್ ತನಕ ಹೂಡುವ ಮಾತೂ ಅದರಲ್ಲಿತ್ತು. ಮೇಲ್ಮನವಿ ವಾಪಸ್ ಪಡೆಯಿತು. ಮೂರನೇ ಚಾರ್ಲ್ಸ್ ವಂಶದ ಆಯುಸ್ಸು ನಂಬಿದ್ದ ಕರಾರು ಮಾರ್ಚ್‌ನ ರಾಜಿಯಲ್ಲೇ ಬಿದ್ದುಹೋಗಿತ್ತು.